ಜಾಡು ಬೀಳುವುದು ಎಲ್ಲಿಂದ?

ಡಾಂಬರು ರಸ್ತೆಯಲ್ಲಿ ಲಾರಿಗಳ ಗಾಲಿ ಹರಿಯುವ ಸಾಲು ವರ್ಷಗಳು ಕಳೆದಂತೆ ತಗ್ಗಾಗುತ್ತದೆ. ಈ ಜಾಡು 20 ಮಿಲಿಮೀಟರ್ ಆಳಕ್ಕೆ ಇಳಿದರೆ ರಸ್ತೆಯ ಆಯುಷ್ಯ ಮುಗಿದಂತೆ ಎಂದು ನಮ್ಮ ದೇಶದ ರಸ್ತೆ ವಿನ್ಯಾಸದ ಮುಖ್ಯ ಕೈಪಿಡಿಯಾದ ಐಆರ್‌ಸಿ:37 ಲೆಕ್ಕ ಹಿಡಿಯುತ್ತದೆ. ಆ ಲೆಕ್ಕ ನಡೆಯುವ ಬಗೆಯನ್ನು ಸ್ವಲ್ಪ ನಿಂತು ನೋಡಬೇಕು. ಸಿಮೆಂಟು ಬೆರೆಸದ ಮಾಮೂಲಿ ರಸ್ತೆಗೆ ಅಲ್ಲಿರುವುದು ಎರಡು ಪರೀಕ್ಷೆ. ಡಾಂಬರು ಪದರದ ತಳದಲ್ಲಿ ಎಳೆತ ಎಷ್ಟಿದೆ ಎಂಬುದು ಒಂದು. ಎಲ್ಲಕ್ಕಿಂತ ಕೆಳಗಿರುವ ತಳಮಣ್ಣಿನ ನೆತ್ತಿ ಎಷ್ಟು ಕುಗ್ಗುತ್ತದೆ ಎಂಬುದು ಇನ್ನೊಂದು. ಮೊದಲನೆಯದು ಬಿರುಕನ್ನು ಕಾಯುತ್ತದೆ, ಎರಡನೆಯದು ಜಾಡನ್ನು. ಇವೆರಡರ ನಡುವೆ ಸುಮಾರು ಅರ್ಧ ಮೀಟರ್ ದಪ್ಪಕ್ಕೆ ಜಲ್ಲಿ ಇರುತ್ತದೆ: ಮೇಲೆ ಬೇಸ್ ಆಗಿ ವೆಟ್‌ಮಿಕ್ಸ್ (ನೀರಿನೊಡನೆ ಬೆರೆಸಿ ಹಾಸುವ ಜಲ್ಲಿ), ಅದರಡಿ ಸಬ್‌ಬೇಸ್ ಆಗಿ ಜಿಎಸ್‌ಬಿ. ಮೇಲಿನ ಭಾರವನ್ನು ಕೆಳಗೆ ಹಂಚುವ ಸಾಧನವಾಗಿ ಮಾತ್ರ ಈ ಜಲ್ಲಿ ಲೆಕ್ಕದೊಳಗೆ ಬರುತ್ತದೆ. ಅದು ತಾನೇ ಕುಸಿಯಬಹುದು, ಬದಿಗೆ ಸರಿಯಬಹುದು ಎಂಬುದಕ್ಕೆ ಅಲ್ಲಿ ಸೂತ್ರವಿಲ್ಲ. ಜಲ್ಲಿಯ ಗುಣಮಟ್ಟವನ್ನು ನಿರ್ಮಾಣದ ನಿಯಮಗಳು ನೋಡಿಕೊಳ್ಳುತ್ತವೆ ಎಂಬ ಭರವಸೆಯ ಮೇಲೆ ವಿನ್ಯಾಸ ನಿಂತಿದೆ. ಅರವತ್ತು ವರ್ಷಗಳಿಂದ ಬೇರೆ ಬೇರೆ ದೇಶಗಳಲ್ಲಿ ನಡೆದ ಪ್ರಯೋಗಗಳನ್ನು ಒಟ್ಟಿಗಿಟ್ಟು ನೋಡಿದರೆ ಈ ಭರವಸೆ ಸಾಲದು ಎಂದೇ ಹೇಳಬೇಕಾಗುತ್ತದೆ. ತೆಳು ಡಾಂಬರಿನ ರಸ್ತೆಯಲ್ಲಿ ಜಾಡಿನ ದೊಡ್ಡ ಪಾಲು ಜಲ್ಲಿಯಿಂದಲೇ ಬರಬಹುದು. ಆ ಪಾಲನ್ನು ತೀರ್ಮಾನಿಸುವುದು ಜಲ್ಲಿಯ ದಪ್ಪಕ್ಕಿಂತ ಹೆಚ್ಚಾಗಿ ಅದರ ಬಿಗಿ ಮತ್ತು ಅದರೊಳಗೆ ನಿಂತ ನೀರು.

ಮೊದಲ ದೊಡ್ಡ ಸಾಕ್ಷ್ಯ ಅಮೆರಿಕದ ಇಲಿನಾಯ್ ರಾಜ್ಯದ ಒಟ್ಟಾವದಲ್ಲಿ 1958ರಿಂದ 1960ರವರೆಗೆ ನಡೆದ ಆಶೊ ರಸ್ತೆ ಪ್ರಯೋಗ. ಬೇರೆ ಬೇರೆ ದಪ್ಪದ ತುಂಡುಗಳನ್ನು ಜೋಡಿಸಿ ಕಟ್ಟಿದ ಸುತ್ತುರಸ್ತೆಗಳ ಮೇಲೆ ಸೇನೆಯ ಚಾಲಕರು ಹಗಲು ರಾತ್ರಿ ಲಾರಿ ಓಡಿಸಿದರು. ಹನ್ನೊಂದು ಲಕ್ಷಕ್ಕೂ ಹೆಚ್ಚು ಬಾರಿ ಆಕ್ಸಲ್‌ಗಳು ಹಾದುಹೋದವು. ಆಮೇಲೆ ರಸ್ತೆಗೆ ಅಡ್ಡಲಾಗಿ ಕಾಲುವೆಯಂತೆ ಕಡಿದು, ಜಾಡಿನ ಕೆಳಗೆ ಯಾವ ಪದರ ಎಷ್ಟು ತೆಳುವಾಗಿದೆ ಎಂದು ಅಳೆದರು. ಜಾಡಿನ ಆಳದಲ್ಲಿ ಡಾಂಬರಿನ ಪಾಲು ಶೇಕಡಾ 32, ಬೇಸ್‌ನದು ಶೇಕಡಾ 14, ಸಬ್‌ಬೇಸ್‌ನದು ಶೇಕಡಾ 45 ಆಗಿತ್ತು. ತಳಮಣ್ಣಿಗೆ ಉಳಿದದ್ದು ಶೇಕಡಾ 9 ಮಾತ್ರ. ಪದರಗಳು ತೆಳುವಾಗಲು ಮುಖ್ಯ ಕಾರಣ ಒಳಗಿನ ವಸ್ತು ಪಕ್ಕಕ್ಕೆ ಸರಿದದ್ದು ಎಂದೂ ಕಂಡುಕೊಂಡರು. ಜಾಡಿನ ಲೆಕ್ಕವನ್ನು ಪೂರ್ತಿಯಾಗಿ ತಳಮಣ್ಣಿನ ತಲೆಗೆ ಕಟ್ಟುವವರು ಎದುರಿಸಬೇಕಾದ ಅಂಕಿಗಳಿವು. ಅಲ್ಲಿನ ಸಬ್‌ಬೇಸ್ ಒಡೆದ ಕಲ್ಲಿನದಲ್ಲ, ಮರಳು ಬೆರೆತ ನೈಸರ್ಗಿಕ ಗ್ರಾವೆಲ್. ಚಳಿಗಾಲದಲ್ಲಿ ಹೆಪ್ಪುಗಟ್ಟಿ ವಸಂತದಲ್ಲಿ ಕರಗುವ ನೆಲ ಅದು. ನಮ್ಮ ಪರಿಸ್ಥಿತಿ ಹಾಗಿಲ್ಲ ಎಂದು ಆಕ್ಷೇಪಿಸಬಹುದು. ಆಕ್ಷೇಪದ ಅರ್ಧ ಸರಿ. ಆ ಶೇಕಡಾವಾರುಗಳನ್ನು ಕರ್ನಾಟಕದ ರಸ್ತೆಗೆ ಹಾಗೇ ಅಂಟಿಸಲು ಆಗದು. ಆದರೆ ಒಡೆದ ಸುಣ್ಣಕಲ್ಲಿನ ಬೇಸ್‌ಗಿಂತ ದುಂಡು ಗ್ರಾವೆಲ್‌ನ ಸಬ್‌ಬೇಸ್ ಮೂರು ಪಟ್ಟು ಹೆಚ್ಚು ಪಾಲು ತೆಗೆದುಕೊಂಡದ್ದು, ಕರಗುವ ಹಿಮದಿಂದ ನೆನೆದ ತಿಂಗಳುಗಳಲ್ಲಿ ಹಾನಿ ಹೆಚ್ಚಿದ್ದು ನನ್ನ ವಾದಕ್ಕೇ ಬಲ ಕೊಡುತ್ತವೆ. ಯಾವ ಕಲ್ಲು ಮತ್ತು ಎಷ್ಟು ನೀರು ಎಂಬುದು ಜಾಡನ್ನು ನಿರ್ಧರಿಸುತ್ತದೆ ಎಂದಾದರೆ ಅವೆರಡೂ ಲೆಕ್ಕದಲ್ಲಿ ಇರಲೇಬೇಕು.

ಜಲ್ಲಿಯ ಪದರದಲ್ಲಿ ಅಂಟು ಇಲ್ಲ. ಕಲ್ಲಿಗೆ ಕಲ್ಲು ತಾಗಿದ ಕಡೆಯ ಘರ್ಷಣೆ, ಸುತ್ತಲಿನ ಕಲ್ಲುಗಳು ಕೊಡುವ ಬದಿಯ ಒತ್ತಾಸರೆ, ಇವೇ ಅದರ ಬಲ. ಗಾಲಿ ಹಾದಾಗ ಪದರ ತುಸು ತಗ್ಗುತ್ತದೆ, ಹೋದ ಮೇಲೆ ಹೆಚ್ಚುಕಡಿಮೆ ಪೂರ್ತಿ ಮರಳುತ್ತದೆ. ಮರಳದೆ ಉಳಿಯುವ ಪಾಲು ಒಂದು ಬಾರಿಗೆ ಕಣ್ಣಿಗೂ ಕೈಗೂ ಸಿಗದಷ್ಟು ಸಣ್ಣದು. ಅದು ಲಕ್ಷಾಂತರ ಬಾರಿ ಕೂಡಿಕೊಂಡಾಗ ಜಾಡಾಗುತ್ತದೆ. ಅದರೊಳಗೆ ನಡೆಯುವುದು ಮೂರು ಬಗೆಯ ಕೆಲಸ: ಕಲ್ಲುಗಳು ಇನ್ನಷ್ಟು ಒತ್ತೊತ್ತಾಗಿ ಕೂರುತ್ತವೆ, ಒಂದರ ಮೇಲೊಂದು ಜಾರಿ ಹೊರಳಿ ಬದಿಗೆ ಸರಿಯುತ್ತವೆ, ಮೂಲೆಗಳು ಮುರಿದು ಸವೆದು ಪುಡಿಯಾಗುತ್ತವೆ. ಮೊದಲನೆಯದರಿಂದ ಪದರ ಗಟ್ಟಿಯಾಗುತ್ತದೆ, ಹಾಗಾಗಿ ಅದು ತಾನಾಗಿ ನಿಲ್ಲುತ್ತದೆ. ಎರಡನೆಯದು ನಿಲ್ಲದೆ ಹೋಗಬಹುದು. ಮೂರನೆಯದು ಹುಟ್ಟಿಸುವ ಪುಡಿ ನೀರನ್ನು ಹಿಡಿದಿಟ್ಟು ಎರಡನೆಯದಕ್ಕೆ ದಾರಿ ಮಾಡಿಕೊಡುತ್ತದೆ. ಪದರ ಒತ್ತಿ ಮರಳುವ ಗುಣದ ಬಗ್ಗೆ ನಮಗೆ ಒಳ್ಳೆಯ ತಿಳಿವಳಿಕೆ ಇದೆ. ಸುತ್ತಲಿನ ಒತ್ತಡ ಹೆಚ್ಚಿದಷ್ಟೂ ಜಲ್ಲಿ ಗಡುಸಾಗುತ್ತದೆ ಎಂಬುದನ್ನು ಹಿಕ್ಸ್ ಮತ್ತು ಮೊನಿಸ್ಮಿತ್ 1971ರಲ್ಲೇ ಸರಳ ಸಮೀಕರಣದಲ್ಲಿ ಹಿಡಿದರು. ಮರಳದೆ ಉಳಿಯುವ ಪಾಲಿನ ಅಧ್ಯಯನ ಮಾತ್ರ ಹಿಂದೆ ಬಿತ್ತು. ಅದಕ್ಕೆ ಕಾರಣ ಸರಳ. ಮರಳುವ ಗುಣವನ್ನು ಒಂದೇ ಮಾದರಿಯ ಮೇಲೆ ಹತ್ತಾರು ಒತ್ತಡಗಳಲ್ಲಿ ಅಳೆಯಬಹುದು. ಉಳಿಯುವ ಕುಸಿತಕ್ಕೆ ಪ್ರತಿ ಒತ್ತಡಕ್ಕೂ ಹೊಸ ಮಾದರಿ ಬೇಕು, ಪ್ರತಿ ಮಾದರಿಗೂ ಹತ್ತಾರು ಸಾವಿರ ಸಲ ಭಾರ ಬೀಳಬೇಕು. ಅಳೆಯಲು ಸುಲಭವಾದದ್ದು ಕೈಪಿಡಿಗೆ ಬಂತು, ಕಷ್ಟವಾದದ್ದು ಪ್ರಯೋಗಾಲಯದಲ್ಲೇ ಉಳಿಯಿತು.

ನಮ್ಮ ಕೈಪಿಡಿಯಲ್ಲಿ ಜಲ್ಲಿಯ ಗಡಸುತನಕ್ಕೆ ಇರುವ ಸೂತ್ರವನ್ನೇ ತೆಗೆದುಕೊಳ್ಳಿ. ಜಲ್ಲಿಯ ದಪ್ಪವನ್ನು ಮಿಲಿಮೀಟರಿನಲ್ಲಿ ಬರೆದು 0.45ರ ಘಾತಕ್ಕೆ ಏರಿಸಬೇಕು, 0.2ರಿಂದ ಗುಣಿಸಬೇಕು, ಅದನ್ನು ತಳಮಣ್ಣಿನ ಗಡಸುತನದಿಂದ ಮತ್ತೆ ಗುಣಿಸಬೇಕು. ಬಲವನ್ನು ಅಳೆಯುವ ಸಿಬಿಆರ್ ಅಂಕಿ 8 ಇರುವ ಮಣ್ಣಿನ ಮೇಲೆ 400 ಮಿಲಿಮೀಟರ್ ಜಲ್ಲಿ ಹಾಕಿದರೆ ಮಣ್ಣಿಗೆ ಸುಮಾರು 67, ಜಲ್ಲಿಗೆ ಸುಮಾರು 197 ಮೆಗಾಪ್ಯಾಸ್ಕಲ್ ಬರುತ್ತದೆ. ಈ ಸೂತ್ರದ ಹಿಂದೆ ತರ್ಕವಿದೆ: ಕೆಳಗಿನ ನೆಲ ಮೆದುವಾಗಿದ್ದರೆ ಮೇಲಿನ ಜಲ್ಲಿಗೆ ಗಟ್ಟಿಯಾಗಿ ಕೂರಲು ಆಸರೆ ಸಿಗುವುದಿಲ್ಲ, ಆದ್ದರಿಂದ ಅದರ ಗಡಸುತನಕ್ಕೆ ಒಂದು ಮಿತಿ ಇರಬೇಕು. ಆದರೆ ಈ ಲೆಕ್ಕದೊಳಗೆ ಕಲ್ಲು ಎಲ್ಲಿದೆ? ಚೂಪು ಮೂಲೆಗಳ ಕಗ್ಗಲ್ಲಿನ ಜಲ್ಲಿಗೂ ಪುಡಿ ತುಂಬಿದ ಗ್ರಾವೆಲ್‌ಗೂ ಉತ್ತರ 197 ಮೆಗಾಪ್ಯಾಸ್ಕಲ್ಲೇ. ಒಣಗಿದ ಪದರಕ್ಕೂ ನೆನೆದ ಪದರಕ್ಕೂ ಅದೇ. ಮೊದಲ ಮಳೆಗಾಲ ಮುಗಿಯುವ ಹೊತ್ತಿಗೆ ತೀರ ಬೇರೆ ಬೇರೆ ಗತಿ ಕಾಣುವ ಎರಡು ರಸ್ತೆಗಳಿಗೆ ಕಾಗದದ ಮೇಲೆ ಒಂದೇ ಆಯುಷ್ಯ ಬರುತ್ತದೆ.

ಇದಕ್ಕೆ ಬಲವಾದ ಪ್ರತಿವಾದವೊಂದಿದೆ, ಅದನ್ನು ಹಗುರವಾಗಿ ತಳ್ಳಿಹಾಕಬಾರದು. ಐಆರ್‌ಸಿ:37ರ ಜಾಡಿನ ಸಮೀಕರಣ ಬರೀ ತಳಮಣ್ಣಿನ ಸಿದ್ಧಾಂತದಿಂದ ಹುಟ್ಟಿದ್ದಲ್ಲ. ನಮ್ಮ ದೇಶದ ರಸ್ತೆಗಳ ಮೇಲೆ ಜಾಡಿನ ಆಳ ಅಳೆದು, ಆ ಅಳತೆಗೆ ತಳಮಣ್ಣಿನ ಕುಗ್ಗುವಿಕೆಯನ್ನು ಹೊಂದಿಸಿ ಪಡೆದದ್ದು. ಮೇಲ್ಮೈಯಲ್ಲಿ ಅಳೆದ ಜಾಡಿನಲ್ಲಿ ಜಲ್ಲಿಯ ಪಾಲೂ ಸೇರಿಯೇ ಇರುತ್ತದೆ. ಹಾಗಾಗಿ ಬೇರೆಯಾಗಿ ಎಣಿಸುವ ಅಗತ್ಯವಿಲ್ಲ ಎನ್ನುತ್ತಾರೆ ಇದನ್ನು ಸಮರ್ಥಿಸುವವರು. ಮಾತು ನಿಜ, ಆದರೆ ಅದರ ನಿಜ ಅಳತೆಗೆ ಸಿಕ್ಕ ರಸ್ತೆಗಳ ಕಲ್ಲಿಗೆ, ಅಂದಿನ ಲಾರಿಯ ಭಾರಕ್ಕೆ, ಆ ರಸ್ತೆಗಳ ತೇವಕ್ಕೆ ಸೀಮಿತ. ಇನ್ನೂ ದೊಡ್ಡ ತೊಡಕು ಈ ಸಮೀಕರಣ ಹೇಳುವ ಪರಿಹಾರದಲ್ಲಿದೆ. ಜಾಡಿನ ಭಯವಿದ್ದರೆ ತಳಮಣ್ಣಿನ ಕುಗ್ಗುವಿಕೆ ಇಳಿಸಬೇಕು, ಅದಕ್ಕೆ ಜಲ್ಲಿಯ ದಪ್ಪ ಹೆಚ್ಚಿಸಬೇಕು ಎನ್ನುತ್ತದೆ ಅದು. ವಿನ್ಯಾಸದ ಲೆಕ್ಕದಲ್ಲಿ ಲಾರಿ ಟೈರಿನ ಒತ್ತಡ 0.56 ಮೆಗಾಪ್ಯಾಸ್ಕಲ್. ಮೇಲೆ 20 ಮಿಲಿಮೀಟರ್ ಡಾಂಬರು ಮಾತ್ರ ಇದ್ದರೆ ಜಲ್ಲಿಯ ನೆತ್ತಿಗೆ ಆ ಒತ್ತಡ ಬಹುಮಟ್ಟಿಗೆ ಹಾಗೆಯೇ ತಗಲುತ್ತದೆ. ಜಲ್ಲಿಯನ್ನು 250 ಮಿಲಿಮೀಟರಿನಿಂದ 400ಕ್ಕೆ ಏರಿಸಿದರೆ ತಳಮಣ್ಣಿಗೆ ಸುಖ. ಮೇಲಿನ ಒಂದು ಗೇಣು ಜಲ್ಲಿಯ ಪಾಡು ಹೆಚ್ಚೇನೂ ಬದಲಾಗದು. ಜಾಡು ಹುಟ್ಟುವುದು ಆ ಒಂದು ಗೇಣಿನಲ್ಲಿ ಎಂದಾದರೆ ಹೆಚ್ಚುವರಿ ಜಲ್ಲಿಗೆ ಸುರಿದ ಹಣದಿಂದ ಆ ಜಾಡು ತಪ್ಪುವುದಿಲ್ಲ.

ಜಾಡು ಎಲ್ಲಿಂದ ಬಂತು ಎಂಬುದನ್ನು ರಸ್ತೆಯ ಮೇಲೆ ನಿಂತೇ ಒಂದಿಷ್ಟು ಹೇಳಬಹುದು. ಉತ್ತರ ಯುರೋಪಿನ ಹಳ್ಳಿರಸ್ತೆಗಳ ಮೇಲೆ ಕೆಲಸ ಮಾಡಿದ ರೋಡೆಕ್ಸ್ ಯೋಜನೆಯಲ್ಲಿ ಡಾಸನ್ ಮತ್ತು ಕೊಲಿಸೊಯ ಜಾಡುಗಳನ್ನು ಬಗೆ ಬಗೆಯಾಗಿ ವಿಂಗಡಿಸಿದರು. ತಗ್ಗು ಕಿರಿದಾಗಿದ್ದು, ಅದರ ಅಂಚಿಗೆ ಅಂಟಿಕೊಂಡೇ ದಿಣ್ಣೆ ಎದ್ದಿದ್ದರೆ ಜಾರಿದ್ದು ಬೇಸ್‌ನ ಜಲ್ಲಿ. ತಗ್ಗು ಅಗಲವಾದ ತಟ್ಟೆಯಂತಿದ್ದು ದಿಣ್ಣೆ ದೂರದಲ್ಲಿ ಮೆಲ್ಲಗೆ ಎದ್ದಿದ್ದರೆ ಸೋತದ್ದು ತಳಮಣ್ಣು, ಜಲ್ಲಿ ಅದರ ಜೊತೆ ಇಳಿದಿದೆ ಅಷ್ಟೆ. ದಿಣ್ಣೆಯೇ ಇಲ್ಲದೆ ಬರೀ ತಗ್ಗಿದ್ದರೆ ಕಾಮಗಾರಿಯಲ್ಲಿ ರೋಲರ್ ಮಾಡದೆ ಬಿಟ್ಟ ಕೆಲಸವನ್ನು ಲಾರಿಗಳು ಮಾಡುತ್ತಿವೆ ಎಂದರ್ಥ. ಅನುಮಾನವಿದ್ದ ಕಡೆ ಅಡ್ಡಲಾಗಿ ಕಡಿದು ಪದರಗಳ ದಪ್ಪ ಅಳೆಯಬಹುದು. ಜಾಡಿನ ಮೇಲೆ ಮತ್ತೊಂದು ಡಾಂಬರು ಹೊದಿಕೆ ಹಾಕುವ ಮೊದಲು ಹೀಗೆ ಕಡಿದು ನೋಡುವ ರೂಢಿ ನಮ್ಮಲ್ಲಿ ಬಲವಾಗಿಲ್ಲ. ಬೇಸ್ ಜಾರುತ್ತಿರುವ ರಸ್ತೆಗೆ ತೆಳು ಹೊದಿಕೆ ಹಾಕುವುದು ತಗ್ಗನ್ನು ತುಂಬುವ ಕೆಲಸವೇ ಹೊರತು ದುರಸ್ತಿಯಲ್ಲ.

ಪ್ರಯೋಗಾಲಯದಲ್ಲಿ ಈ ಗುಣವನ್ನು ಅಳೆಯುವ ಸಾಧನ ಪುನರಾವರ್ತಿತ ಭಾರದ ಟ್ರೈಆಕ್ಸಿಯಲ್ ಯಂತ್ರ. 150 ಮಿಲಿಮೀಟರ್ ಅಡ್ಡಳತೆಯ, 300 ಮಿಲಿಮೀಟರ್ ಎತ್ತರದ ಜಲ್ಲಿ ಕಂಬವನ್ನು ಅಚ್ಚಿನಲ್ಲಿ ಪದರ ಪದರವಾಗಿ ಬಡಿದು ಕೂಡಿಸಿ, ರಬ್ಬರ್ ಪೊರೆ ತೊಡಿಸಿ, ಕೋಶದೊಳಗಿಟ್ಟು ಸುತ್ತಲಿಂದ ಒತ್ತಡ ಕೊಡುತ್ತಾರೆ. ಮೇಲಿನಿಂದ ಗಾಲಿ ಹಾದಂತೆ ಕ್ಷಣಕಾಲ ಭಾರ ಬೀಳುತ್ತದೆ, ಬಿಡುವಾಗುತ್ತದೆ, ಮತ್ತೆ ಬೀಳುತ್ತದೆ. ಅಳತೆಯ ಗೆರೆ ಮೊದಲ ಕೆಲವು ನೂರು ಹೊಡೆತಗಳಲ್ಲಿ ಕಡಿದಾಗಿ ಇಳಿಯುತ್ತದೆ. ಆಮೇಲೆ ಅದು ಬಾಗಿ ಮಟ್ಟಸವಾಗುವುದೇ, ಸಣ್ಣ ಇಳಿಜಾರಿನಲ್ಲಿ ಸಾಗುತ್ತಲೇ ಇರುವುದೇ ಅಥವಾ ಒಂದು ಹಂತದಲ್ಲಿ ಮತ್ತೆ ಕಡಿದಾಗಿ ಕೆಳಗೆ ಧುಮುಕುವುದೇ ಎಂಬುದು ಇಡೀ ಪ್ರಶ್ನೆ. ಈ ಗೆರೆಗೆ ಯಾವ ಸಮೀಕರಣ ಸರಿ ಎಂಬ ಬಗ್ಗೆ ದಶಕಗಳ ಜಗಳವಿದೆ. ಅಮೆರಿಕದ ಜಾರ್ಜಿಯದ ಬಾರ್ಕ್ಸ್‌ಡೇಲ್ 1972ರಲ್ಲಿ ಒಂದು ಲಕ್ಷ ಹೊಡೆತದವರೆಗೆ ನಡೆಸಿದ ಪ್ರಯೋಗಗಳಿಂದ ಕುಸಿತ ಹೊಡೆತಗಳ ಸಂಖ್ಯೆಯ ಲಾಗರಿದಮ್‌ಗೆ ತಕ್ಕಂತೆ ಬೆಳೆಯುತ್ತದೆ ಎಂದರು. ಅವರಿಗೂ ಮೊದಲು, 1966ರಲ್ಲಿ, ಮಾರ್ಗನ್ ಇಪ್ಪತ್ತು ಲಕ್ಷ ಹೊಡೆತ ಕೊಟ್ಟ ಮೇಲೂ ಕುಸಿತ ನಿಂತಿರಲಿಲ್ಲ. ಫ್ರಾನ್ಸಿನ ಸಂಶೋಧಕರು ಅದು ಒಂದು ಮಿತಿಗೆ ಬಂದು ನಿಲ್ಲುತ್ತದೆ ಎಂಬ ರೂಪದ ಸಮೀಕರಣ ಕೊಟ್ಟರು. 2000ದಲ್ಲಿ ಲೆಕಾರ್ಪ್, ಇಸಾಕ್ಸನ್, ಡಾಸನ್ ಈ ಸಾಹಿತ್ಯವನ್ನೆಲ್ಲ ಜಾಲಾಡಿ ಬರೆದ ಸಮೀಕ್ಷೆ ಇಂದಿಗೂ ಈ ವಿಷಯದ ಬಾಗಿಲು. ನನ್ನ ಓದಿಗೆ ತೋರುವಂತೆ ಈ ಜಗಳದಲ್ಲಿ ಯಾರೂ ತಪ್ಪು ಅಳೆದಿರಲಿಲ್ಲ. ಅವರವರು ಕೊಟ್ಟ ಒತ್ತಡದ ಮಟ್ಟ ಬೇರೆ, ಆದ್ದರಿಂದ ಅವರವರು ಕಂಡ ನಡವಳಿಕೆಯೂ ಬೇರೆ.

ಈ ಬೇರೆತನವನ್ನು ಒಂದೇ ಚೌಕಟ್ಟಿಗೆ ತಂದದ್ದು ಶೇಕ್‌ಡೌನ್ ಸಿದ್ಧಾಂತ. ಉಕ್ಕಿನ ರಚನೆಗಳಿಗಾಗಿ 1930ರ ದಶಕದಲ್ಲಿ ಮೆಲಾನ್ ರೂಪಿಸಿದ ಈ ವಿಚಾರವನ್ನು 1984ರಲ್ಲಿ ಸಿಡ್ನಿಯ ಶಾರ್ಪ್ ಮತ್ತು ಬುಕರ್ ರಸ್ತೆಗೆ ತಂದರು. ಒತ್ತಡ ಒಂದು ಮಿತಿಯೊಳಗಿದ್ದರೆ ಜಲ್ಲಿ ಮೊದಲಿಗೆ ಕುಸಿದು, ಹೊಂದಿಕೊಂಡು, ಮುಂದೆ ಪ್ರತಿ ಗಾಲಿಗೂ ಪೂರ್ತಿ ಮರಳುವ ಸ್ಥಿತಿಗೆ ಬರುತ್ತದೆ. ಮಿತಿ ದಾಟಿದರೆ ಪ್ರತಿ ಗಾಲಿಯೂ ತನ್ನ ಪಾಲಿನ ಕುಸಿತ ಬಿಟ್ಟುಹೋಗುತ್ತದೆ. ಇನ್ನೂ ಮೇಲಿನ ಮಿತಿ ದಾಟಿದರೆ ಪದರ ಬೇಗ ಕುಸಿದುಬೀಳುತ್ತದೆ. ಜರ್ಮನಿಯ ಡ್ರೆಸ್ಡೆನ್‌ನಲ್ಲಿ ವೆರ್ಕ್‌ಮೈಸ್ಟರ್ ಇವನ್ನು ಎ, ಬಿ, ಸಿ ಎಂಬ ಮೂರು ವಲಯಗಳಾಗಿ ಗುರುತಿಸಿ ಅಳತೆಗೋಲು ಕೊಟ್ಟರು. ಯುರೋಪಿನ ಪರೀಕ್ಷಾ ಮಾನಕದಲ್ಲೂ ಅದೇ ಅಳತೆಗೋಲು ಸೇರಿದೆ. 3,000ನೆಯ ಹೊಡೆತದಿಂದ 5,000ನೆಯ ಹೊಡೆತದವರೆಗೆ ಹೆಚ್ಚಿದ ಕಾಯಂ ಕುಗ್ಗುವಿಕೆ ಎತ್ತರದ ಲಕ್ಷದಲ್ಲಿ ನಾಲ್ಕೂವರೆ ಭಾಗಕ್ಕಿಂತ ಕಡಿಮೆ ಇದ್ದರೆ ಎ, ಲಕ್ಷದಲ್ಲಿ ನಲವತ್ತು ಭಾಗ ದಾಟಿದರೆ ಸಿ, ನಡುವಿನದು ಬಿ. 300 ಮಿಲಿಮೀಟರ್ ಎತ್ತರದ ಆ ಕಂಬಕ್ಕೆ ಇದನ್ನು ಇಳಿಸಿ ನೋಡಿ. ಎ ವಲಯದ ಗಡಿಯಲ್ಲಿ ಎರಡು ಸಾವಿರ ಹೊಡೆತಕ್ಕೆ ಕಂಬ ಇಳಿಯುವುದು 0.0135 ಮಿಲಿಮೀಟರ್. ಸಿ ವಲಯದ ಗಡಿಯಲ್ಲಿ 0.12 ಮಿಲಿಮೀಟರ್. ಎರಡೂ ಬರಿಗಣ್ಣಿಗೆ ಹೆಚ್ಚುಕಡಿಮೆ ಸೊನ್ನೆಯೇ. ಆದರೆ ಅದೇ ವೇಗ ಹತ್ತು ಲಕ್ಷ ಹೊಡೆತದವರೆಗೆ ಮುಂದುವರಿದರೆ ಮೊದಲನೆಯದು 7 ಮಿಲಿಮೀಟರಿಗೂ ಒಳಗೆ ಉಳಿಯುತ್ತದೆ, ಎರಡನೆಯದು 60 ಮಿಲಿಮೀಟರ್ ಆಗುತ್ತದೆ. ಎ ವಲಯದಲ್ಲಿ ವೇಗ ಇಳಿಯುತ್ತಲೇ ಹೋಗುವುದರಿಂದ ನಿಜದ ಮೊತ್ತ 7ಕ್ಕಿಂತ ತೀರ ಕಡಿಮೆ. ಸಿ ವಲಯದಲ್ಲಿ ವೇಗ ಇಳಿಯುವ ಖಾತರಿಯಿಲ್ಲ. 20 ಮಿಲಿಮೀಟರಿಗೆ ರಸ್ತೆ ಸೋತಿತು ಎನ್ನುವ ಲೆಕ್ಕದಲ್ಲಿ ಈ ಎರಡರ ಅಂತರವೇ ರಸ್ತೆಯ ಅಳಿವು ಉಳಿವು.

ಇದು ನಮ್ಮ ಇನ್ನೊಂದು ಬಳಕೆಯ ನಂಬಿಕೆಯನ್ನೂ ಅಲುಗಿಸುತ್ತದೆ. ಆಕ್ಸಲ್ ಭಾರ ಹೆಚ್ಚಿದರೆ ಹಾನಿ ಅದರ ನಾಲ್ಕನೆಯ ಘಾತದಲ್ಲಿ ಹೆಚ್ಚುತ್ತದೆ ಎಂಬ ನಿಯಮ ಆಶೊ ಪ್ರಯೋಗದಿಂದ ಬಂದದ್ದು. 2018ರ ಜುಲೈಯಲ್ಲಿ ಕೇಂದ್ರ ಸರ್ಕಾರ ನಾಲ್ಕು ಟೈರಿನ ಒಂಟಿ ಆಕ್ಸಲ್‌ನ ಕಾನೂನು ಮಿತಿಯನ್ನು 10.2 ಟನ್‌ನಿಂದ 11.5 ಟನ್‌ಗೆ ಏರಿಸಿತು. ನಾಲ್ಕನೆಯ ಘಾತದ ಪ್ರಕಾರ ಹಾನಿ ಸುಮಾರು 1.6 ಪಟ್ಟು, ವಿನ್ಯಾಸದ ಲಾರಿ ಸಂಖ್ಯೆಯನ್ನು ಅಷ್ಟಕ್ಕೆ ಹೆಚ್ಚಿಸಿಕೊಂಡರೆ ಸಾಕು ಎನಿಸುತ್ತದೆ. ಎ ವಲಯದ ಒಳಗೇ ಉಳಿದ ಜಲ್ಲಿಗೆ ಈ ಏರಿಕೆ ಅಷ್ಟು ಹಾನಿಯನ್ನೂ ಮಾಡದಿರಬಹುದು. ಗಡಿಯಲ್ಲಿದ್ದ ಜಲ್ಲಿಯನ್ನು ಅದು ಬಿ ವಲಯಕ್ಕೆ ತಳ್ಳಿದರೆ 1.6 ಎಂಬ ಅಂಕಿಗೆ ಅರ್ಥವೇ ಉಳಿಯುವುದಿಲ್ಲ, ಏಕೆಂದರೆ ನಿಂತಿದ್ದ ಕುಸಿತ ನಿಲ್ಲದ ಕುಸಿತವಾಗಿ ಮಾರ್ಪಟ್ಟಿರುತ್ತದೆ. ಬಳ್ಳಾರಿ, ಸಂಡೂರು, ಹೊಸಪೇಟೆಯ ಕಡೆ ಅದಿರು ಲಾರಿಗಳು ಮಿತಿಮೀರಿ ಭಾರ ಹೇರಿಕೊಂಡು ಓಡಿದ್ದು 2011ರ ಲೋಕಾಯುಕ್ತ ವರದಿಯಲ್ಲಿ ದಾಖಲಾಗಿದೆ. ಆ ವರ್ಷಗಳಲ್ಲಿ ಅಲ್ಲಿನ ರಸ್ತೆಗಳು ಏನಾದವು ಎಂಬುದನ್ನು ಆ ಭಾಗದ ಜನಕ್ಕೆ ಹೇಳಿಕೊಡಬೇಕಿಲ್ಲ. ಸರಾಸರಿ ಭಾರ ಎಷ್ಟು ಎಂಬುದರಷ್ಟೇ ಅತಿ ಭಾರದ ಲಾರಿ ಎಷ್ಟು ಹೊರುತ್ತದೆ ಎಂಬುದೂ ಜಲ್ಲಿಗೆ ಮುಖ್ಯ.

ಈಗ ನೀರಿಗೆ ಬರೋಣ. ಇಡೀ ವಿಷಯದ ಜೀವ ಇರುವುದು ಇಲ್ಲಿ. ಜಲ್ಲಿಯ ಸಂದುಗಳಲ್ಲಿ ಸ್ವಲ್ಪವೇ ತೇವವಿದ್ದರೆ ಒಳ್ಳೆಯದು. ಕಣಗಳ ನಡುವಿನ ತೆಳು ನೀರು ಅವನ್ನು ಒಂದಕ್ಕೊಂದು ಸೆಳೆದು ಹಿಡಿಯುತ್ತದೆ, ಪದರ ಗಡುಸಾಗುತ್ತದೆ. ಸಂದುಗಳು ತುಂಬುತ್ತ ಬಂದಂತೆ ಈ ಸೆಳೆತ ಸಡಿಲುತ್ತದೆ. ಪೂರ್ತಿ ತುಂಬುವ ಹೊತ್ತಿಗೆ ಗಾಲಿಯ ಭಾರ ಕ್ಷಣಕಾಲ ನೀರಿನ ಮೇಲೆ ಬೀಳುತ್ತದೆ. ಹೊರಹೋಗಲು ದಾರಿ ಸಿಗದ ನೀರು ಕಲ್ಲುಗಳನ್ನು ಒಂದರಿಂದೊಂದು ದೂಡುತ್ತದೆ, ತಾಗುವಿಕೆಯ ಒತ್ತಡ ಇಳಿಯುತ್ತದೆ, ಅದರ ಜೊತೆಗೆ ಘರ್ಷಣೆಯೂ. ಆಶೊ ಪ್ರಯೋಗದ ಗ್ರಾವೆಲ್‌ನ ಮೇಲೆ ಹೇನ್ಸ್ ಮತ್ತು ಯೋಡರ್ 1963ರಲ್ಲಿ ಪರೀಕ್ಷೆ ನಡೆಸಿದಾಗ ಸಂದುಗಳ ತುಂಬುವಿಕೆ ಶೇಕಡಾ 60ರಿಂದ 80ಕ್ಕೆ ಏರಿದಾಗ ಕಾಯಂ ಕುಸಿತ ಇಮ್ಮಡಿಗೂ ಮೀರಿ ಹೆಚ್ಚಿತು. ಭಾರ ಅದೇ, ಕಲ್ಲು ಅದೇ, ಬದಲಾದದ್ದು ನೀರು ಮಾತ್ರ. ಪುಡಿ ಹೆಚ್ಚಿರುವ ಜಲ್ಲಿಯಲ್ಲಿ ಈ ಪರಿಣಾಮ ಇನ್ನೂ ತೀಕ್ಷ್ಣ, ಏಕೆಂದರೆ ಪುಡಿ ನೀರನ್ನು ಹೀರಿ ಹಿಡಿದುಕೊಳ್ಳುತ್ತದೆ, ಹೊರಹೋಗುವ ದಾರಿಯನ್ನೂ ಕಟ್ಟುತ್ತದೆ.

ಹಾಗಾದರೆ ನಮ್ಮ ರಸ್ತೆಗಳ ಒಳಗೆ ನೀರು ಎಲ್ಲಿ ನಿಲ್ಲುತ್ತದೆ? ಅನೇಕ ಕಡೆ ರಸ್ತೆಯ ಅಗಲಕ್ಕೆ ಸರಿಯಾಗಿ ನೆಲವನ್ನು ಅಗೆದು, ಆ ತಗ್ಗಿನೊಳಗೆ ಜಿಎಸ್‌ಬಿ, ವೆಟ್‌ಮಿಕ್ಸ್ ತುಂಬಿ, ಎರಡೂ ಬದಿಗೆ ಜೇಡಿಮಣ್ಣಿನ ಭುಜ ಕಟ್ಟುತ್ತಾರೆ. ಡಾಂಬರಿನ ಬಿರುಕಿನಿಂದ, ಅಂಚಿನಿಂದ ಇಳಿದ ನೀರಿಗೆ ಅದು ತೂಬಿಲ್ಲದ ತೊಟ್ಟಿ. ನೀರು ಹೊರಹೋಗಲಿ ಎಂದೇ ಕೆಳಗಿಟ್ಟ ಜಿಎಸ್‌ಬಿ ಹೊರಕ್ಕೆ ಬಾಯಿಯೇ ಇಲ್ಲದೆ ನೀರನ್ನು ಕೂಡಿಟ್ಟುಕೊಳ್ಳುತ್ತದೆ. ಜಿಎಸ್‌ಬಿಯನ್ನು ಭುಜದಡಿಯಿಂದ ಇಳಿಜಾರಿನ ಹೊರಮೈಯವರೆಗೆ ಎಳೆಯಬೇಕು ಎಂದು ನಮ್ಮ ಮಾರ್ಗಸೂಚಿಗಳೇ ಹೇಳುತ್ತವೆ. ಆದರೆ ಉಳಿತಾಯದ ಮಾತು ಬಂದಾಗ ಮೊದಲು ಮೊಟಕಾಗುವುದು ಈ ಚಾಚು, ಏಕೆಂದರೆ ಅದನ್ನು ಕತ್ತರಿಸಿದರೆ ವಿನ್ಯಾಸದ ಲೆಕ್ಕದಲ್ಲಿ ಆಯುಷ್ಯ ಒಂದು ದಿನವೂ ಕಡಿಮೆಯಾಗುವುದಿಲ್ಲ. ಕೈಪಿಡಿಯ ಸೂತ್ರದಲ್ಲಿ ನೀರಿಗೆ ಜಾಗವಿಲ್ಲದ್ದರ ನೇರ ಫಲ ಇದು. ಮಲೆನಾಡು, ಕರಾವಳಿಯಲ್ಲಿ ತಿಂಗಳುಗಟ್ಟಲೆ ಮಳೆ. ಉತ್ತರದ ಎರೆಭೂಮಿಯಲ್ಲಿ ಮಳೆ ಕಡಿಮೆ, ಆದರೆ ನೆನೆದ ಎರೆಮಣ್ಣು ಕೆಳಗಿನಿಂದ ಜಲ್ಲಿಯ ಸಂದುಗಳಿಗೆ ನುಗ್ಗಿ ಒಳ್ಳೆಯ ಜಲ್ಲಿಯನ್ನೂ ಪುಡಿ ತುಂಬಿದ ಜಲ್ಲಿಯಾಗಿ ಮಾರ್ಪಡಿಸುತ್ತದೆ. ಎರಡು ಕಡೆಯ ರೋಗ ಬೇರೆಯಾದರೂ ಎರಡನ್ನೂ ತಡೆಯುವ ಕೆಲಸ ದಪ್ಪದ್ದಲ್ಲ, ನೀರಿನ ಹಾದಿಯದ್ದು ಮತ್ತು ಮಣ್ಣನ್ನು ಜಲ್ಲಿಯಿಂದ ಬೇರೆಯಿಡುವ ಪದರದ್ದು.

ನೀರಿನಷ್ಟೇ ಬೆಲೆಯುಳ್ಳದ್ದು ಬಿಗಿ. ಬಾರ್ಕ್ಸ್‌ಡೇಲ್ ಪರೀಕ್ಷಿಸಿದ ಜಲ್ಲಿಗಳಲ್ಲಿ ಗರಿಷ್ಠ ಸಾಂದ್ರತೆಯ ಶೇಕಡಾ 100ರ ಬದಲು 95ಕ್ಕೆ ಬಡಿದು ಕೂಡಿಸಿದಾಗ ಕಾಯಂ ಕುಸಿತ ಸರಾಸರಿ ಶೇಕಡಾ 185ರಷ್ಟು ಹೆಚ್ಚಾಯಿತು. 1973ರಲ್ಲಿ ಅಲೆನ್ ನಡೆಸಿದ ಅಧ್ಯಯನದಲ್ಲಿ ಸಾಂದ್ರತೆಯನ್ನು ಸಾಮಾನ್ಯ ಪ್ರಾಕ್ಟರ್ (ಅಚ್ಚಿನಲ್ಲಿ ಬಡಿದು ಸಾಂದ್ರತೆ ಅಳೆಯುವ ಪರೀಕ್ಷೆ) ಮಟ್ಟದಿಂದ, ಇನ್ನೂ ಬಲವಾಗಿ ಬಡಿಯುವ ಮಾರ್ಪಡಿಸಿದ ಪ್ರಾಕ್ಟರ್ ಮಟ್ಟಕ್ಕೆ ಏರಿಸಿದಾಗ ಒಡೆದ ಸುಣ್ಣಕಲ್ಲಿನಲ್ಲಿ ಕುಸಿತ ಶೇಕಡಾ 80 ಇಳಿಯಿತು, ಗ್ರಾವೆಲ್‌ನಲ್ಲಿ ಶೇಕಡಾ 22 ಮಾತ್ರ. ಈ ಎರಡನೆಯ ಜೋಡಿ ಅಂಕಿ ನನಗೆ ಹೆಚ್ಚು ಮಾತಾಡುವಂತೆ ಕಾಣುತ್ತದೆ: ಚೂಪು ಮೂಲೆಯ ಕಲ್ಲಿಗೆ ರೋಲರ್‌ನ ಪ್ರತಿ ಓಟದಿಂದ ಸಿಗುವ ಲಾಭ ದುಂಡು ಕಲ್ಲಿಗೆ ಸಿಗುವುದಿಲ್ಲ. ವೆಟ್‌ಮಿಕ್ಸ್‌ಗೆ ನಮ್ಮ ನಿಯಮ ಮಾರ್ಪಡಿಸಿದ ಪ್ರಾಕ್ಟರ್ ಸಾಂದ್ರತೆಯ ಶೇಕಡಾ 98 ಕೇಳುತ್ತದೆ; ಇಷ್ಟಿದ್ದ ಮೇಲೆ ಇನ್ನೇನು ಬೇಕು ಎಂದು ಕೇಳುವವರಿದ್ದಾರೆ. ದಕ್ಷಿಣ ಆಫ್ರಿಕದ ರೂಢಿಯನ್ನು ಪಕ್ಕದಲ್ಲಿಟ್ಟು ನೋಡಿದರೆ ಉತ್ತರ ಸಿಗುತ್ತದೆ. ಅಲ್ಲಿ ಜಿ1 ಎಂಬ ದರ್ಜೆಯ ಜಲ್ಲಿಗೆ ಪ್ರಾಕ್ಟರ್ ಅಚ್ಚಿನ ಸಾಂದ್ರತೆ ಅಳತೆಗೋಲಲ್ಲ, ಕಲ್ಲಿನ ಸ್ವಂತ ಸಾಂದ್ರತೆಯೇ ಅಳತೆಗೋಲು. ಹಾಸಿದ ಪದರ ಅದರ ಶೇಕಡಾ 86ರಿಂದ 88 ಮುಟ್ಟಬೇಕು, ಅಂದರೆ ಸಂದು ಶೇಕಡಾ 12ರಿಂದ 14 ಮಾತ್ರ. ಅದನ್ನು ಮುಟ್ಟಲು ಪದರದ ಮೇಲೆ ನೀರು ಹರಿಸಿ ರೋಲರ್ ಓಡಿಸುತ್ತಾರೆ. ಹೆಚ್ಚುವರಿ ಪುಡಿ ಕೆಸರಾಗಿ ಮೇಲೆ ಬರುತ್ತದೆ, ಅದನ್ನು ಗುಡಿಸಿ ಹೊರಗೆ ತಳ್ಳುತ್ತಾರೆ, ಮತ್ತೆ ನೀರು, ಮತ್ತೆ ರೋಲರ್. ಕೊನೆಗೆ ಮೇಲ್ಮೈಯಲ್ಲಿ ಕಲ್ಲಿಗೆ ಕಲ್ಲು ಕಚ್ಚಿಕೊಂಡ ಚಿತ್ತಾರ ಕಾಣುತ್ತದೆ. ಹೀಗೆ ಕೂಡಿಸಿದ ಜಲ್ಲಿಯನ್ನು ಸಿಮೆಂಟು ಬೆರೆಸಿದ ಗಟ್ಟಿ ಸಬ್‌ಬೇಸ್‌ನ ಮೇಲೆ ಕೂರಿಸಿ, ಮೇಲೆ ತೆಳು ಡಾಂಬರು ಹಾಕಿ ಭಾರಿ ವಾಹನಗಳ ರಸ್ತೆ ನಡೆಸಿದ್ದಾರೆ. ಜಲ್ಲಿ ದುರ್ಬಲ ವಸ್ತು ಎಂಬುದು ನನ್ನ ವಾದವಲ್ಲ ಎಂಬುದಕ್ಕೆ ಇದೇ ಸಾಕ್ಷಿ. ಬಿಗಿಯಾಗಿ ಕೂಡಿಸಿ ಒಣಗಿಸಿಟ್ಟರೆ ಅದು ಬಹಳ ಹೊರುತ್ತದೆ. ನಮ್ಮಲ್ಲಿಯೂ ಹಳೆಯ ಡಬ್ಲ್ಯುಬಿಎಂ ಪದ್ಧತಿಯಲ್ಲಿ ದಪ್ಪ ಜಲ್ಲಿಯನ್ನು ಮೊದಲು ಒಣ ರೋಲಿಂಗಿನಲ್ಲಿ ಕಚ್ಚಿಸಿ, ಆಮೇಲೆ ಸಣ್ಣ ಕಲ್ಲು ಮತ್ತು ಪುಡಿಯನ್ನು ನೀರಿನೊಡನೆ ಇಳಿಸುವ ಕ್ರಮವಿತ್ತು. ಕೆಲಸ ನಿಧಾನ, ಗುಣಮಟ್ಟ ಕೈಯಿಂದ ಕೈಗೆ ಬದಲಾಗುತ್ತಿತ್ತು, ನಿಜ. ವೆಟ್‌ಮಿಕ್ಸ್‌ಗೆ ಬದಲಾದದ್ದು ಸರಿಯೇ. ಆದರೆ ಪ್ಲಾಂಟಿನಲ್ಲಿ ಸಮನಾಗಿ ಬೆರೆತ ವೆಟ್‌ಮಿಕ್ಸ್ ಟಿಪ್ಪರಿನಿಂದ ಸುರಿದು ಗ್ರೇಡರಿನಿಂದ ಎಳೆದಾಗ ದಪ್ಪ ಜಲ್ಲಿ ಒಂದು ಕಡೆ, ಪುಡಿ ಒಂದು ಕಡೆ ಆಗುತ್ತದೆ. ಅಲ್ಲಲ್ಲಿ ಮರಳು ಸುರಿದು ಅಳೆಯುವ ಕೆಲವೇ ಗುಣಿಗಳು ಈ ಒಡಕನ್ನು ಹಿಡಿಯಲಾರವು.

ಇನ್ನೂ ಎರಡು ಆಕ್ಷೇಪಗಳಿವೆ. ಭಾರಿ ಹೆದ್ದಾರಿಗಳಲ್ಲಿ ಡಾಂಬರೇ 150 ಮಿಲಿಮೀಟರಿಗೂ ದಪ್ಪ. ಅಲ್ಲಿ ಬೇಸಿಗೆಯ ಬಿಸಿಗೆ ಮೆದುವಾದ ಡಾಂಬರಿನೊಳಗೇ ಜಾಡು ಬೀಳುತ್ತದೆ, ಜಲ್ಲಿಯ ಮಾತು ಅಪ್ರಸ್ತುತ ಎಂಬುದು ಒಂದು. ಆ ರಸ್ತೆಗಳ ಮಟ್ಟಿಗೆ ಇದನ್ನು ಒಪ್ಪುತ್ತೇನೆ. ಆದರೆ ನಮ್ಮ ರಸ್ತೆಜಾಲದ ಉದ್ದವನ್ನು ಹೊತ್ತಿರುವುದು ಹೆದ್ದಾರಿಗಳಲ್ಲ. 2000ದಲ್ಲಿ ಶುರುವಾದ ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆಯ ರಸ್ತೆಗಳಂಥವುಗಳಲ್ಲಿ ಮೇಲಿನ ಹೊದಿಕೆ ಹೆಚ್ಚಾಗಿ 20 ಮಿಲಿಮೀಟರ್ ಪ್ರೀಮಿಕ್ಸ್ ಕಾರ್ಪೆಟ್. ಆ ಹೊದಿಕೆ ನೀರನ್ನು ತಕ್ಕಮಟ್ಟಿಗೆ ತಡೆಯುತ್ತದೆ, ಭಾರವನ್ನು ಹೊರುವುದಿಲ್ಲ. ಕಬ್ಬಿನ ಟ್ರ್ಯಾಕ್ಟರ್, ಜಲ್ಲಿ ಟಿಪ್ಪರ್, ಮರಳು ಲಾರಿ ಹೊರುವುದೆಲ್ಲ ಜಲ್ಲಿಯ ಮೇಲೆ. ಎರಡನೆಯ ಆಕ್ಷೇಪ ಪ್ರಯೋಗಾಲಯದ ಬಗ್ಗೆ. ಟ್ರೈಆಕ್ಸಿಯಲ್ ಯಂತ್ರದಲ್ಲಿ ಭಾರ ನೇರ ಮೇಲಿನಿಂದ ಬೀಳುತ್ತದೆ; ಗಾಲಿ ಉರುಳಿ ಬರುವಾಗ ಕಲ್ಲಿನ ಮೇಲಿನ ಒತ್ತಡ ಮುಂದಿನಿಂದ ಓರೆಯಾಗಿ ಬಂದು, ನೇರವಾಗಿ, ಹಿಂದಕ್ಕೆ ಓರೆಯಾಗುತ್ತದೆ, ಹಾಗಾಗಿ ಪರೀಕ್ಷೆ ನಿಜವಲ್ಲ ಎನ್ನುತ್ತಾರೆ. ಇದೂ ಸರಿ. ಆದರೆ ನಾಟಿಂಗ್‌ಹ್ಯಾಮ್ ವಿಶ್ವವಿದ್ಯಾಲಯದಲ್ಲಿ ಟೊಳ್ಳು ಸಿಲಿಂಡರಿನಾಕಾರದ ಮಾದರಿಗಳನ್ನು ತಿರುಚಿ ನಡೆಸಿದ ಪ್ರಯೋಗಗಳು ತೋರಿಸಿದ್ದು, ಒತ್ತಡ ಹೀಗೆ ದಿಕ್ಕು ಬದಲಿಸಿದಾಗ ಕುಸಿತ ಇನ್ನೂ ಹೆಚ್ಚುತ್ತದೆ ಎಂಬುದನ್ನು. ಯಂತ್ರದ ತಪ್ಪು ಜಲ್ಲಿಗೆ ಅನುಕೂಲವಾದ ಕಡೆಗೆ ವಾಲಿದೆ. ಅದರ ಅಂಕಿಯನ್ನು ಜಾಡಿನ ಭವಿಷ್ಯವಾಣಿಯಾಗಿ ಓದುವುದು ಬೇಡ. ಎರಡು ಕ್ರಷರ್‌ಗಳ ಜಲ್ಲಿಯಲ್ಲಿ ಯಾವುದು ಮೇಲು, ಒಂದೇ ಜಲ್ಲಿ ಒಣಗಿದ್ದಾಗ ಯಾವ ವಲಯ ನೆನೆದಾಗ ಯಾವ ವಲಯ ಎಂದು ಹೇಳಲು ಅದು ಧಾರಾಳ ಸಾಕು.

ಬೇರೆ ದೇಶಗಳು ಈ ದಾರಿಯಲ್ಲಿ ನಡೆದು ಬಹಳ ಕಾಲವಾಯಿತು. 2004ರಲ್ಲಿ ಅಮೆರಿಕ ರೂಪಿಸಿದ ಹೊಸ ವಿನ್ಯಾಸ ಮಾರ್ಗಸೂಚಿ ಜಾಡನ್ನು ಡಾಂಬರು, ಜಲ್ಲಿ, ತಳಮಣ್ಣು ಎಂದು ಮೂರು ಪಾಲಾಗಿ ಲೆಕ್ಕ ಹಾಕಿ ಕೂಡಿಸುತ್ತದೆ. ದಕ್ಷಿಣ ಆಫ್ರಿಕದ ವಿಧಾನ ಇನ್ನೂ ಸರಳ: ಜಲ್ಲಿ ಪದರದ ನಡುವಿನಲ್ಲಿ ಬೀಳುವ ಒತ್ತಡ ಅದು ಜಾರುವ ಬಲದ ಎಷ್ಟನೆಯ ಪಾಲು ಎಂದು ನೋಡಿ ಸುರಕ್ಷತಾ ಗುಣಾಂಕ ಕೊಡುತ್ತದೆ, ಮತ್ತು ಜಲ್ಲಿಯ ಜಾರುಬಲಕ್ಕೆ ಒಣ, ಮಧ್ಯಮ, ತೇವ ಎಂಬ ಬೇರೆ ಬೇರೆ ಅಂಕಿಗಳನ್ನು ಇಡುತ್ತದೆ. ನಮ್ಮ ಹಳ್ಳಿರಸ್ತೆಗಳಿಗೆ ನಾನು ಸೂಚಿಸುವುದು ಈ ಎರಡನೆಯ ಬಗೆಯನ್ನು. ದೊಡ್ಡ ಸಾಫ್ಟ್‌ವೇರ್ ಬೇಡ. ಒಂದು ಜಿಲ್ಲೆಗೆ ಜಲ್ಲಿ ಕೊಡುವ ಕ್ರಷರ್‌ಗಳು ಬೆರಳೆಣಿಕೆಯಷ್ಟು. ಪ್ರತಿಯೊಂದರ ಜಲ್ಲಿಯನ್ನು ಒಣ ಮತ್ತು ನೆನೆದ ಸ್ಥಿತಿಯಲ್ಲಿ ಒಮ್ಮೆ ಟ್ರೈಆಕ್ಸಿಯಲ್ ಪರೀಕ್ಷೆಗೆ ಒಳಪಡಿಸಿ ದರ್ಜೆ ಕೊಟ್ಟರೆ ಗಣಿಯ ಪದರ ಬದಲಾಗುವವರೆಗೆ ಆ ಅಂಕಿ ಬಳಕೆಗೆ ಬರುತ್ತದೆ. ಆಗ ಎಂಜಿನಿಯರ್‌ನ ಮುಂದೆ ಎರಡು ಅಂದಾಜು ಪಟ್ಟಿ ಇರುತ್ತವೆ. ಒಂದರಲ್ಲಿ ನೀರಿಗೆ ಹೊರದಾರಿ ಇಲ್ಲದ ರಸ್ತೆ. ಅದರ ಜಲ್ಲಿಯನ್ನು ತೇವದ ಅಂಕಿಯಿಂದ ಪರೀಕ್ಷಿಸಬೇಕು, ಬಹುಪಾಲು ಅದು ಸೋಲುತ್ತದೆ, ಎಷ್ಟು ದಪ್ಪ ಸೇರಿಸಿದರೂ ಸೋಲುತ್ತಲೇ ಇರುತ್ತದೆ. ಇನ್ನೊಂದರಲ್ಲಿ ಜಿಎಸ್‌ಬಿ ಭುಜದಾಚೆಗೂ ಚಾಚಿದೆ, ಚರಂಡಿ ಅದಕ್ಕಿಂತ ಕೆಳಗಿದೆ. ಅದರ ಜಲ್ಲಿಯನ್ನು ಮಧ್ಯಮ ಅಂಕಿಯಿಂದ ಪರೀಕ್ಷಿಸಬಹುದು. ಭುಜದ ಕೆಳಗಿನ ಆ ಚಾಚಿಗೆ ವಿನ್ಯಾಸದಲ್ಲಿ ಹೀಗೆ ಅಂಕಿಯ ಬೆಲೆ ಸಿಕ್ಕಿದರೆ, ಅದನ್ನು ಕತ್ತರಿಸಲು ಹೊರಟವರು ರಸ್ತೆಯ ಆಯುಷ್ಯದಲ್ಲಿ ಎಷ್ಟು ಕಡಿಮೆಯಾಯಿತು ಎಂಬುದನ್ನೂ ಅದೇ ಕಡತದಲ್ಲಿ ಬರೆಯಬೇಕಾಗುತ್ತದೆ.